ಕಂಬಳಿ ಹೊದಿಸಿದರೆ ಆಮೆ ಬೆಚ್ಚಗಾಗದು

ಉದಕಮಂಡಲದಿಂದ ಮಸಿನಗುಡಿಗೆ ಕಲ್ಲಟ್ಟಿ ಘಾಟಿಯಲ್ಲಿ ಇಳಿಯುವವರು 36 ತಿರುವುಗಳ ನಡುವೆ ಎಲ್ಲೋ ಒಂದು ಕಡೆ ಸ್ವೆಟರ್ ಬಿಚ್ಚಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಮೇಲೆ ಊಟಿ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್ ಎತ್ತರದಲ್ಲಿದೆ. ಕೆಳಗೆ ಮಸಿನಗುಡಿ ಸಾವಿರ ಮೀಟರಿನ ಆಸುಪಾಸು. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ ಎಂಬ ಲೆಕ್ಕ ಹಿಡಿದರೆ, ಒಂದು ಗಂಟೆಯ ದಾರಿಯಲ್ಲಿ ಎಂಟು ಡಿಗ್ರಿ ವ್ಯತ್ಯಾಸ. ಮನುಷ್ಯನಿಗೆ ಇದು ಸ್ವೆಟರಿನ ಮಾತು. ಆಮೆಗೆ ಇದು ತಿಂದದ್ದು ಅರಗುತ್ತದೋ ಇಲ್ಲವೋ ಎಂಬ ಮಾತು.

ಆಮೆಯ ಮೈಯೊಳಗೆ ಒಲೆ ಇಲ್ಲ. ನಾವು ಉಂಡ ಅನ್ನದ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡುವುದಕ್ಕೇ ಖರ್ಚಾಗುತ್ತದೆ. ಆಮೆ ಆ ಕೆಲಸವನ್ನು ಪೂರ್ತಿ ಸೂರ್ಯನಿಗೆ ಬಿಟ್ಟಿದೆ. ಬೆಳಿಗ್ಗೆ ಬಿಸಿಲಿಗೆ ಬಂದು ಬೆನ್ನು ಕಾಯಿಸಿಕೊಳ್ಳುತ್ತದೆ, ಮೈ ಕಾದ ಮೇಲೆ ಮೇಯಲು ಹೊರಡುತ್ತದೆ, ಬಿಸಿ ಹೆಚ್ಚಾದರೆ ಪೊದೆಯ ನೆರಳಿಗೆ ಸರಿಯುತ್ತದೆ. ಅದು ತಿಂದ ಹುಲ್ಲನ್ನು ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಅರಗಿಸಬೇಕು. ದೋಸೆ ಹಿಟ್ಟು ಊಟಿಯ ಚಳಿಯಲ್ಲಿ ಹುಳಿ ಬಾರದೆ ಕೂರುವಂತೆ ಆ ಹುಲ್ಲೂ ತಣ್ಣನೆಯ ಹೊಟ್ಟೆಯಲ್ಲಿ ಹಾಗೇ ಕೂರುತ್ತದೆ. ರೋಗದ ವಿರುದ್ಧ ಹೋರಾಡುವ ಶಕ್ತಿಯೂ ಮೈ ಕಾವಿನ ಜೊತೆ ಇಳಿಯುತ್ತದೆ. ಮರುಕಪಟ್ಟು ಕಂಬಳಿ ಹೊದಿಸುವವರಿದ್ದಾರೆ. ಕಂಬಳಿ ಕಾವು ಹುಟ್ಟಿಸುವುದಿಲ್ಲ, ಒಳಗಿರುವ ಕಾವನ್ನು ಹಿಡಿದಿಡುತ್ತದೆ ಅಷ್ಟೇ. ತಣ್ಣಗಿರುವ ಆಮೆಗೆ ಕಂಬಳಿ ಹೊದಿಸಿದರೆ ತಣ್ಣಗಿರುವ ಆಮೆ ಕಂಬಳಿಯೊಳಗೆ ಇರುತ್ತದೆ. ಅದಕ್ಕೇ ದೀಪ ಬೇಕು.

ಆದರೆ ದೀಪ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಮನೆಯಲ್ಲಿರುವುದು ಯಾವ ಆಮೆ?

ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿದ್ದರೆ ಅದು ನಮ್ಮ ನಾಡಿನ ನಕ್ಷತ್ರ ಆಮೆ. ಕರ್ನಾಟಕ, ತಮಿಳುನಾಡು, ಆಂಧ್ರದ ಒಣ ಕುರುಚಲು ಕಾಡುಗಳು, ಗುಜರಾತ್ ಮತ್ತು ರಾಜಸ್ಥಾನದ ಬಯಲು, ಶ್ರೀಲಂಕಾ, ಇವು ಅದರ ನೆಲೆ. ಅದನ್ನು ಸಾಕುವುದು ಅಪರಾಧ. 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಹುಲಿ, ಆನೆಗಳಿರುವ ಒಂದನೇ ಪಟ್ಟಿಗೆ ಏರಿಸಿದೆ. ಶಿಕ್ಷೆ ಕನಿಷ್ಠ ಮೂರು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2019ರಲ್ಲಿ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ಕೂಡ ಇದನ್ನು ತನ್ನ ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು. ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ನಿಲ್ಲುತ್ತಾಳೆ ಎಂಬ ನಂಬಿಕೆ ಒಂದು ಕಡೆ, ವಿದೇಶದ ಸಾಕುಪ್ರಾಣಿ ಮಾರುಕಟ್ಟೆ ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕಿ ಈ ಪ್ರಾಣಿ ಸೂಟ್‌ಕೇಸುಗಳಲ್ಲಿ, ಟೇಪು ಸುತ್ತಿದ ಕಾಲುಗಳೊಂದಿಗೆ, ವಿಮಾನ ಹತ್ತುತ್ತಿದೆ. 2018ರ ನವೆಂಬರಿನಲ್ಲಿ ಒಂದು ಹಿಂಡು ತಿರುಗಿ ಬಂತು. ಸಿಂಗಪುರದಲ್ಲಿ ಅಕ್ರಮ ಸಾಕಣೆಯಿಂದ ಬಿಡಿಸಿದ್ದ 51 ನಕ್ಷತ್ರ ಆಮೆಗಳನ್ನು ಅಲ್ಲಿನ ಏಕರ್ಸ್ ಸಂಸ್ಥೆ, ಇಲ್ಲಿನ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಮತ್ತು ಕರ್ನಾಟಕ ಅರಣ್ಯ ಇಲಾಖೆ ಸೇರಿ ಬೆಂಗಳೂರಿಗೆ ತಂದವು. ಸಮುದ್ರ ದಾಟಿ ಹೋಗಿದ್ದ ಪ್ರಾಣಿಗೆ ಬೇಕಾಗಿದ್ದುದು ಇಲ್ಲಿನ ಕುರುಚಲು ಕಾಡಿನ ಬಿಸಿಲು. ಅದನ್ನು ಬಿಟ್ಟಿಯಾಗಿ ಪಡೆದು ಹುಟ್ಟಿದ ಜೀವವನ್ನು ಎತ್ತಿ ತಂದು ಬಲ್ಬಿನ ಕೆಳಗೆ ಕೂರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮಳೆ ಶುರುವಾದ ದಿನಗಳಲ್ಲಿ ಮಸಿನಗುಡಿ, ಮಾವನಹಳ್ಳದ ಕಡೆ ರಸ್ತೆ ದಾಟುವ ಆಮೆ ಕಂಡರೆ, ಅದು ಹೊರಟಿದ್ದ ದಿಕ್ಕಿನ ಅಂಚಿಗೇ ದಾಟಿಸಿ ಬಿಟ್ಟುಬಿಡಬೇಕು. ಮನೆಯಲ್ಲಿ ಈಗಾಗಲೇ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ರಾತ್ರೋರಾತ್ರಿ ಒಯ್ದು ಕಾಡಿನಲ್ಲಿ ಬಿಡುವುದು ಪರಿಹಾರವಲ್ಲ. ಮನೆಯಲ್ಲಿ ಅಂಟಿದ ಕಾಯಿಲೆಯನ್ನು ಅದು ಕಾಡಿನ ಆಮೆಗಳಿಗೂ ಹಂಚುತ್ತದೆ.

ಕಾನೂನಿನ ಒಳಗೆ ಮನೆಯಲ್ಲಿ ಇರಬಹುದಾದದ್ದು ಹೊರದೇಶದ ಜಾತಿ. ನಮ್ಮಲ್ಲಿ ಹೆಚ್ಚು ಕಾಣುವುದು ಆಫ್ರಿಕಾದ ಸುಲ್ಕಾಟಾ, ಸಹಾರಾ ಮರುಭೂಮಿಯ ದಕ್ಷಿಣದಂಚಿನ ಪ್ರಾಣಿ. ಇದೂ ಸೈಟಿಸ್ ಪಟ್ಟಿಯಲ್ಲಿರುವುದರಿಂದ 2024ರ ಫೆಬ್ರುವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. ಅಂಗಡಿಯಲ್ಲಿ ಅಂಗೈಯಲ್ಲಿ ಕೂರುವ ಈ ಮರಿ ಬೆಳೆದು 40, 50 ಕಿಲೋ ತೂಗುತ್ತದೆ, ಕೊಂಡವರಿಗಿಂತ ಹೆಚ್ಚು ಕಾಲ ಬದುಕುವುದೂ ಉಂಟು. ಇಲ್ಲಿಂದ ಮುಂದಿನ ಮಾತೆಲ್ಲ ಅಂಥ ಆಮೆಯೊಂದು ನೀಲಗಿರಿಯ ಮನೆಯಲ್ಲಿ ನ್ಯಾಯವಾಗಿ ಇದೆ ಎಂದುಕೊಂಡು ಆಡಿದ್ದು.

ಸೂರ್ಯ ಆಮೆಗೆ ಕೊಡುವುದು ಒಂದೇ ವಸ್ತುವಲ್ಲ. ಬೆಳಕು ಕೊಡುತ್ತಾನೆ, ಈಗ ಹಗಲು, ಎದ್ದು ಮೇಯಿ ಎಂದು ಅದು ಹೇಳುತ್ತದೆ. ಕಾವು ಕೊಡುತ್ತಾನೆ, ಅದು ಕಣ್ಣಿಗೆ ಕಾಣದ ಅವಗೆಂಪು ಕಿರಣದಲ್ಲಿ ಬರುತ್ತದೆ. ಮೂರನೆಯದಾಗಿ ಅತಿನೇರಳೆ ಕಿರಣ ಕೊಡುತ್ತಾನೆ. ಅದರಲ್ಲಿ 290ರಿಂದ 315 ನ್ಯಾನೋಮೀಟರ್ ನಡುವಿನ ಯುವಿಬಿ ಎಂಬ ತುಣುಕು ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕು. ಡಿ3 ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಚಿಪ್ಪು ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಕೊನೆಗೆ ಆಮೆ ತನ್ನ ಮೈಯನ್ನು ನೆಲದಿಂದ ಎತ್ತಲಾರದೆ ಎಳೆದುಕೊಂಡು ನಡೆಯುತ್ತದೆ. ಮನೆಯೊಳಗಿನ ಆಮೆಗಳ ಸಂಕಟದ ಬಹುಪಾಲು ಹುಟ್ಟುವುದು ಈ ಮೂರನ್ನೂ ಒಂದೇ ಎಂದು ತಿಳಿದ ತಪ್ಪಿನಿಂದ.

ಊಟಿ ಈ ತಪ್ಪನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಎತ್ತರ ಹೆಚ್ಚಿದಂತೆ ಗಾಳಿಯ ಪದರ ತೆಳುವಾಗಿ, ಸಾವಿರ ಮೀಟರಿಗೆ ಶೇಕಡಾ 10ರಷ್ಟು ಅತಿನೇರಳೆ ಕಿರಣ ಹೆಚ್ಚುತ್ತದೆ. ಮೋಡವಿಲ್ಲದ ಜನವರಿ ಮಧ್ಯಾಹ್ನ ತೋಟದಲ್ಲಿ ಕ್ಯಾರೆಟ್ ಕೀಳುವವರ ಮುಖ ಕಪ್ಪಾಗುವುದು ಅದರಿಂದಲೇ. ಅದೇ ದಿನ ಬೆಳಗಿನ ಜಾವ ತಲೈಕುಂದಾದ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಕಿರಣ ಧಾರಾಳ, ಕಾವಿಗೆ ಬಡತನ. 2024ರ ಏಪ್ರಿಲಿನಲ್ಲಿ ಊಟಿಯ ಉಷ್ಣಾಂಶ 29 ಡಿಗ್ರಿ ಮುಟ್ಟಿದಾಗ ಅದು ಹಲವು ದಶಕಗಳ ದಾಖಲೆ ಎಂದು ಸುದ್ದಿಯಾಯಿತು. ಸುಲ್ಕಾಟಾಗೆ 29 ಡಿಗ್ರಿ ಎಂದರೆ ಹಿತವಾದ ಒಂದು ಸಾಮಾನ್ಯ ಹಗಲು.

ಗಾಜಿನ ಕಿಟಕಿಯ ಬಳಿ ಇಟ್ಟರೆ ಸಾಲದೇ ಎಂದು ಕೇಳುವವರಿಗೆ 1848ರಿಂದ ಇರುವ ಊಟಿಯ ಸಸ್ಯೋದ್ಯಾನದ ಗಾಜಿನ ಮನೆಯನ್ನು ತೋರಿಸಬಹುದು. ಅದರೊಳಗೆ ಬೆಳಕು ಬರುತ್ತದೆ, ಬೆಚ್ಚನೆಯೂ ಇರುತ್ತದೆ, ಗಿಡಕ್ಕೆ ಅಷ್ಟು ಸಾಕು. ಆದರೆ ಸಾಮಾನ್ಯ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಿಟಕಿಯ ಬಿಸಿಲಲ್ಲಿ ವರ್ಷಗಟ್ಟಲೆ ಕೂತ ಆಮೆಗೆ ಡಿ3 ಸಿಗುವುದಿಲ್ಲ.

ಹಾಗಾದರೆ ಯಾವ ಬಲ್ಬು? ಕಾವಿಗೆ ಇವತ್ತಿಗೂ ಒಳ್ಳೆಯದು ಅಗಲವಾಗಿ ಬೆಳಕು ಚೆಲ್ಲುವ ಹ್ಯಾಲೊಜೆನ್ ಬಲ್ಬು. ಅದರ ಅವಗೆಂಪು ಕಿರಣದಲ್ಲಿ ಸೂರ್ಯನದಕ್ಕೆ ಹತ್ತಿರದ ಗಿಡ್ಡ ಅಲೆಗಳು ಹೆಚ್ಚು. ಅವು ಚಿಪ್ಪು, ಚರ್ಮ ದಾಟಿ ಒಳಗಿನ ಮಾಂಸದವರೆಗೆ ಕಾವು ಮುಟ್ಟಿಸುತ್ತವೆ. ಹಳೆಯ ತಂತಿ ಬಲ್ಬೂ ಇದೇ ಕೆಲಸ ಮಾಡುತ್ತದೆ. ಅದರ ದುಂದೇ ಇಲ್ಲಿ ಉಪಕಾರ, ನುಂಗಿದ ಕರೆಂಟಿನ ಬಹುಪಾಲನ್ನು ಅದು ಬಿಸಿಯಾಗಿ ಉಗುಳುತ್ತದೆ. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೆ ಎಲ್‌ಇಡಿ ಹೋಗಿ ತಂತಿ ಬಲ್ಬು ಅಂಗಡಿಯ ಮೂಲೆ ಸೇರಿದೆ. ಎಲ್‌ಇಡಿ ಬೆಳಕು ಕೊಡುತ್ತದೆ, ಆಮೆಗೆ ಬೇಕಾದ ಕಾವನ್ನೂ ಯುವಿಬಿಯನ್ನೂ ಕೊಡುವುದಿಲ್ಲ.

ಕೋಳಿಮರಿಗೆ ಕಾವು ಕೊಡುವ 250 ವ್ಯಾಟಿನ ಕೆಂಪು ಬಲ್ಬು, ಮಂಡಿನೋವಿಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ 150 ವ್ಯಾಟಿನ ಕೆಂಪು ಬಲ್ಬು ಇವುಗಳನ್ನು ತಂದು ತೂಗುಹಾಕುವವರು ಬೇಕಾದಷ್ಟು ಜನ. ಬಿಸಿ ಇವೂ ಕೊಡುತ್ತವೆ. ತೊಂದರೆ ಎರಡು: ಆಮೆ ಇಡುವ ಪುಟ್ಟ ಪೆಟ್ಟಿಗೆಗೆ ಇವು ಅತಿಯಾಗುತ್ತವೆ, ಮತ್ತು ರಾತ್ರಿಯಿಡೀ ಉರಿಸಿದರೆ ಆಮೆಗೆ ನಿದ್ದೆ ಬರುವುದಿಲ್ಲ. ಕೆಂಪು ಬೆಳಕು ಆಮೆಗೆ ಕಾಣದು ಎಂಬ ಮಾತು ಸುಳ್ಳು. ಕೆಂಪು ಹೂವನ್ನು ಹುಡುಕಿ ತಿನ್ನುವ ಪ್ರಾಣಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ.

ರಾತ್ರಿಗೆ ಇರುವುದು ಬೆಳಕಿಲ್ಲದ ಸೆರಾಮಿಕ್ ಹೀಟರ್. ನೋಡಲು ಪಿಂಗಾಣಿಯ ಬುಗುರಿಯಂತೆ, ಬಲ್ಬಿನ ಹೋಲ್ಡರಿಗೇ ತಿರುಗಿಸಿ ಹಾಕುವಂಥದ್ದು. ಇದರ ಕಾವು ಉದ್ದ ಅಲೆಯದು. ಮೇಲ್ಮೈಯನ್ನೂ ಸುತ್ತಲಿನ ಗಾಳಿಯನ್ನೂ ಬಿಸಿಮಾಡುತ್ತದೆ, ಒಳಗೆ ಅಷ್ಟು ಇಳಿಯುವುದಿಲ್ಲ. ಆದ್ದರಿಂದ ಹಗಲಿನ ಬಿಸಿಲಿಗೆ ಬದಲಾಗಿ ಇದನ್ನು ಬಳಸಬಾರದು, ರಾತ್ರಿ ಗೂಡನ್ನು ತಣ್ಣಗಾಗದಂತೆ ಇಡಲಷ್ಟೇ ಬಳಸಬೇಕು. ಬ್ಲೋಯರ್ ಹೀಟರ್ ಕೋಣೆಯ ಗಾಳಿಯನ್ನು ಒಣಗಿಸುತ್ತದೆ. ಇದ್ದಿಲಿನ ಅಗ್ಗಿಷ್ಟಿಕೆಯನ್ನಂತೂ ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು, ಅದರ ವಿಷಾನಿಲ ಆಮೆಯನ್ನೂ ಮನೆಯವರನ್ನೂ ಬಿಡುವುದಿಲ್ಲ.

ಯುವಿಬಿಗೆ ಉದ್ದನೆಯ ಟಿ5 ಟ್ಯೂಬು ಹೆಚ್ಚು ನಂಬಿಕೆಯದು. ಪೆಟ್ಟಿಗೆಯ ಅರ್ಧದವರೆಗೆ ಸಮನಾಗಿ ಕಿರಣ ಚೆಲ್ಲುತ್ತದೆ. ಕಾವು, ಬೆಳಕು, ಯುವಿಬಿ ಮೂರನ್ನೂ ಒಟ್ಟಿಗೆ ಕೊಡುವ ಪಾದರಸ ಆವಿಯ ಬಲ್ಬುಗಳೂ ಇವೆ. ಒಂದೇ ಬಲ್ಬಿನಲ್ಲಿ ಕೆಲಸ ಮುಗಿಯಿತು ಎನಿಸಿದರೂ ಅವನ್ನು ಡಿಮ್ಮರಿಗೆ ಜೋಡಿಸಲು ಬರುವುದಿಲ್ಲ. ಬಿಸಿ ಹೆಚ್ಚಾಯಿತೆಂದು ಆರಿಸಿದರೆ ಯುವಿಬಿಯೂ ಆರುತ್ತದೆ. ದಿನದಿನಕ್ಕೆ ಹವೆ ಬದಲಾಗುವ ಬೆಟ್ಟದಲ್ಲಿ ಬಿಸಿಗೊಂದು, ಕಿರಣಕ್ಕೊಂದು ಬೇರೆಬೇರೆ ಇಟ್ಟುಕೊಳ್ಳುವುದೇ ಮೇಲು. ಯುವಿಬಿ ಟ್ಯೂಬು ಕಣ್ಣಿಗೆ ಉರಿಯುತ್ತಲೇ ಇದ್ದರೂ ಒಳಗೊಳಗೇ ಸವೆಯುತ್ತದೆ. ಹಾಕಿದ ತಾರೀಖನ್ನು ಅದರ ಮೇಲೇ ಬರೆದು ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಟ್ಯೂಬಿಗೂ ಆಮೆಗೂ ನಡುವೆ ಗಾಜು ಇರಲೇಬಾರದು. ಸಣ್ಣ ಕಣ್ಣಿನ ಜಾಲರಿಯೂ ಸುಮಾರು ಮೂರನೇ ಒಂದು ಪಾಲು ಕಿರಣವನ್ನು ನುಂಗುತ್ತದೆ.

ಕೊಳ್ಳುವಾಗ ಎರಡು ಸಣ್ಣ ಸಂಗತಿ ನೋಡದೆ ಪೇಚಾಡಿದವರು ಬಹಳ. ನಮ್ಮ ಮನೆಗಳ ಹೋಲ್ಡರು ಪಿನ್ ಬಲ್ಬಿನದು. ಇಂಥ ಬಲ್ಬುಗಳು ಹೆಚ್ಚಾಗಿ ಸ್ಕ್ರೂ ಬುಡದವು. ಹೊರದೇಶದಿಂದ ತರಿಸಿದ್ದರೆ 110 ವೋಲ್ಟಿನದಾಗಿರಬಹುದು, ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣ ಸುಟ್ಟುಹೋಗುತ್ತದೆ. ಹೋಲ್ಡರು ಪಿಂಗಾಣಿಯದೇ ಆಗಿರಬೇಕು, ಪ್ಲಾಸ್ಟಿಕ್ಕಿನದು ಸೆರಾಮಿಕ್ ಹೀಟರಿನ ಬಿಸಿಗೆ ಕರಗುತ್ತದೆ. ವೈರಿನಲ್ಲಿ ನೇತುಹಾಕದೆ ಸರಪಣಿಯಲ್ಲಿ ಬಿಗಿಯಾಗಿ ತೂಗುಹಾಕಬೇಕು. ಒಣಹುಲ್ಲು ಹಾಸಿದ ಮರದ ಪೆಟ್ಟಿಗೆಗೆ ಉರಿಯುವ ಬಲ್ಬು ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಎಷ್ಟು ವ್ಯಾಟು ಎಂದು ಅಂಗಡಿಯವರನ್ನು ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ನಿಜವಾದ ಉತ್ತರ ಇರುವುದು ಆಮೆಯ ಬೆನ್ನಿನ ಎತ್ತರದಲ್ಲಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಮಾದರಿಯ, ಆದರೆ ವಸ್ತುಗಳ ಮೇಲ್ಮೈ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಬಿಸಿಲು ಕಾಯುವ ಜಾಗದಲ್ಲಿ ಚಿಪ್ಪಿನ ಮಟ್ಟದಲ್ಲಿ 35ರಿಂದ 40 ಡಿಗ್ರಿ, ಅದರ ಎದುರು ತುದಿಯಲ್ಲಿ 25ರ ಸುತ್ತಮುತ್ತ. ರಾತ್ರಿ ಮರಿಗಳಿಗೆ 25ಕ್ಕಿಂತ ಕೆಳಗಿಳಿಯದಿದ್ದರೆ ಒಳ್ಳೆಯದು. ಬಲ್ಬನ್ನು ಮೊದಲು 40 ಸೆಂಟಿಮೀಟರ್ ಮೇಲೆ ಕಟ್ಟಿ, ಒಂದು ಗಂಟೆ ಉರಿಸಿ, ಅಳೆದು, ಆಮೇಲೆ ಸರಪಣಿಯನ್ನು ಇಳಿಸುತ್ತಲೋ ಏರಿಸುತ್ತಲೋ ಹೋಗಬೇಕು. ಇಡೀ ಪೆಟ್ಟಿಗೆ ಒಂದೇ ಸಮ ಬಿಸಿಯಾದರೆ ಆಮೆಗೆ ನೆರಳಿಗೆ ಸರಿಯುವ ಆಯ್ಕೆಯೇ ಇರುವುದಿಲ್ಲ. ಕಾವು ಯಾವಾಗಲೂ ಮೇಲಿನಿಂದಲೇ ಬರಲಿ. ಸೂರ್ಯ ಇರುವುದು ಮೇಲೆ, ಆಮೆಯ ಬೆನ್ನು ಕಾವನ್ನು ಅಲ್ಲಿಂದಲೇ ನಿರೀಕ್ಷಿಸುತ್ತದೆ.

ಬೆಳೆದ ಸುಲ್ಕಾಟಾ ಇಟ್ಟುಕೊಂಡವರು ಇನ್ನೊಂದು ತಪ್ಪು ಮಾಡುತ್ತಾರೆ. ಮರಿಗೆ ಸಾಕಾಗಿದ್ದ ಒಂದೇ ಬಲ್ಬನ್ನು ಮುಂದುವರಿಸಿ, ವ್ಯಾಟು ಮಾತ್ರ ಏರಿಸುತ್ತಾರೆ. ಆಗ ಅಗಲವಾದ ಚಿಪ್ಪಿನ ನಡುನೆತ್ತಿ ಸುಡುತ್ತದೆ, ಕಾಲುಗಳು ತಣ್ಣಗೇ ಇರುತ್ತವೆ. ಇಡೀ ಮೈ ಕಾಯದ್ದರಿಂದ ಆಮೆ ಅಲ್ಲಿಂದ ಏಳದೆ ಚಿಪ್ಪು ಸುಟ್ಟುಕೊಳ್ಳುತ್ತದೆ. ಸಣ್ಣ ವ್ಯಾಟಿನ ಎರಡು ಅಥವಾ ನಾಲ್ಕು ಬಲ್ಬುಗಳನ್ನು ಒತ್ತಾಗಿ ಕಟ್ಟಿ, ಆಮೆಯ ಮೈಯಷ್ಟು ಅಗಲದ ಬಿಸಿಲನ್ನು ಮಾಡಿಕೊಡಬೇಕು.

ಬಿಸಿಯ ಜೊತೆ ತೇವವನ್ನೂ ನೋಡಬೇಕು. ಚಿಪ್ಪು ಗೋಪುರಗೋಪುರವಾಗಿ ಉಬ್ಬುವುದಕ್ಕೆ ಹೆಚ್ಚು ಪ್ರೋಟೀನ್ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2003ರಲ್ಲಿ ಪ್ರಕಟವಾದ ವೀಸ್ನರ್ ಮತ್ತು ಇಬೆನ್ ಅವರ ಅಧ್ಯಯನ ಸುಲ್ಕಾಟಾ ಮರಿಗಳನ್ನು ಬೇರೆಬೇರೆ ತೇವದಲ್ಲಿ ಬೆಳೆಸಿ ನೋಡಿ, ಗಾಳಿ ಒಣಗಿರುವುದೇ ಮುಖ್ಯ ಕಾರಣವೆಂದು ತೋರಿಸಿತು. ಬಲ್ಬು ಬೆನ್ನನ್ನೂ ಗೂಡಿನ ಗಾಳಿಯನ್ನೂ ಒಣಗಿಸುತ್ತದೆ. ಅದಕ್ಕೇ ಪೆಟ್ಟಿಗೆಯ ಮುಚ್ಚಳವನ್ನು ಬಹುಪಾಲು ಮುಚ್ಚಿಡುವುದು, ಒಂದು ಮೂಲೆಯಲ್ಲಿ ಒದ್ದೆ ತೆಂಗಿನ ನಾರಿನ ಹಾಸು, ಮರಿಗಳಿಗೆ ಉಗುರುಬೆಚ್ಚನೆ ನೀರಿನಲ್ಲಿ ಸ್ನಾನ. ಮುಚ್ಚಳವಿದ್ದರೆ ಕರೆಂಟೂ ಉಳಿಯುತ್ತದೆ.

ಒಂದೇ ಜಿಲ್ಲೆಯಾದರೂ ಮೂರು ಊರಿಗೆ ಮೂರು ಏರ್ಪಾಡು. ಮಸಿನಗುಡಿ ಮಳೆನೆರಳಿನ ಊರು. ವರ್ಷದ ಬಹುಪಾಲು ಹಗಲು ಅಂಗಳದ ಬೇಲಿಯೊಳಗೆ ನಿಜವಾದ ಬಿಸಿಲೇ ಸಾಕು, ಬಲ್ಬು ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಿಗೆ. ಬೇಲಿ ಮಾತ್ರ ಗಟ್ಟಿಯಾಗಿರಲಿ, ಅಲ್ಲಿ ಅಂಗಳಕ್ಕೆ ಬರುವುದು ನಾಯಿಯೊಂದೇ ಅಲ್ಲ. ಗೂಡಲೂರು ಎತ್ತರದಲ್ಲಿ ಮಸಿನಗುಡಿಗೆ ಹತ್ತಿರವಾದರೂ ಹವೆಯಲ್ಲಿ ಬೇರೆ ಲೋಕ. ದೇವಾಲಾ, ಪಂದಲೂರಿನ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ತಣ್ಣಗಿದ್ದೂ ಒದ್ದೆಯಾಗಿರುವ ಗಾಳಿ ಆಮೆಯ ಶ್ವಾಸಕೋಶಕ್ಕೆ ಅತ್ಯಂತ ಕೆಟ್ಟದ್ದು. ಮೂಗಿನಲ್ಲಿ ನೀರಿನ ಗುಳ್ಳೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುವುದು, ಸೊರಗುಟ್ಟುವ ಸದ್ದು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರ ಬಳಿ ಒಯ್ಯಬೇಕು. ಆ ಮೂರು ತಿಂಗಳು ಗೂಡಲೂರಿನಲ್ಲಿ ಯುವಿಬಿ ಟ್ಯೂಬಿಗೂ ರಜೆಯಿಲ್ಲ.

ಊಟಿಯಲ್ಲಿ ಹನ್ನೆರಡು ತಿಂಗಳೂ ಬಲ್ಬು ಬೇಕು. ಅದರ ಖರ್ಚು ಹೀಗೆ: 100 ವ್ಯಾಟಿನ ಬಲ್ಬು ದಿನಕ್ಕೆ 12 ಗಂಟೆ ಉರಿದರೆ 1.2 ಯೂನಿಟ್, ತಮಿಳುನಾಡಿನ ಎರಡು ತಿಂಗಳ ಬಿಲ್ಲಿಗೆ 72 ಯೂನಿಟ್. ರಾತ್ರಿಯ 100 ವ್ಯಾಟಿನ ಸೆರಾಮಿಕ್ ಹೀಟರಿಗೆ ಥರ್ಮೋಸ್ಟಾಟ್ ಜೋಡಿಸಿ ಅದು ಅರ್ಧ ಹೊತ್ತು ಮಾತ್ರ ಉರಿದರೂ ಇನ್ನು 36. ಮನೆಗಳಿಗೆ ಸರ್ಕಾರ ಬಿಟ್ಟಿಯಾಗಿ ಕೊಡುವ 100 ಯೂನಿಟ್ಟನ್ನು ಆಮೆಯೊಂದೇ ತಿಂದು ಮುಗಿಸುತ್ತದೆ. ಪ್ರಾಣಿ ಕೊಳ್ಳುವ ದಿನ ಈ ಲೆಕ್ಕ ಯಾರೂ ಹಾಕಿಕೊಡುವುದಿಲ್ಲ, ಹಾಕಿಕೊಡಬೇಕಿತ್ತು. ಚಳಿಗಾಲಕ್ಕೆ ಆಮೆ ಮಲಗಿಬಿಡುತ್ತದೆ, ಬಲ್ಬು ಆರಿಸಬಹುದು ಎಂಬ ಸಲಹೆ ಬಂದರೆ ಕೇಳಬಾರದು. ಹಾಗೆ ಮಲಗುವುದು ಮೆಡಿಟರೇನಿಯನ್ ಕಡೆಯ ಕೆಲವು ಜಾತಿಗಳು. ಸುಲ್ಕಾಟಾಗೂ ನಕ್ಷತ್ರ ಆಮೆಗೂ ಆ ವಿದ್ಯೆ ಗೊತ್ತಿಲ್ಲ. ಚಳಿಯಲ್ಲಿ ಅಲ್ಲಾಡದೆ ಕೂತ ಆಮೆ ನಿದ್ರಿಸುತ್ತಿಲ್ಲ, ಸಾಯುತ್ತಿದೆ.

ಗಾಳಿಮಳೆಗೆ ಮರ ಉರುಳಿ ಕಂಬ ಬಿದ್ದರೆ ಬೆಟ್ಟದ ಹಟ್ಟಿಗಳಲ್ಲಿ ಕರೆಂಟು ಯಾವಾಗ ಬರುತ್ತದೆಂದು ಹೇಳಲಾಗದು. ಸಾಧಾರಣ ಇನ್ವರ್ಟರ್ ಮೇಲೆ ಬಿಸಿ ಬಲ್ಬು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿಸಿನೀರಿನ ರಬ್ಬರ್ ಚೀಲಕ್ಕೆ ದಪ್ಪ ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿಟ್ಟು, ಪೆಟ್ಟಿಗೆಯನ್ನು ಹೊರಗಿನಿಂದ ಕಂಬಳಿಯಲ್ಲಿ ಸುತ್ತಿ, ಉಸಿರಾಟಕ್ಕೆ ಸಂದು ಬಿಟ್ಟರೆ ಒಂದು ರಾತ್ರಿ ಕಳೆಯಬಹುದು. ಒಳಗೊಂದು ಬಿಸಿ ಇರುವುದರಿಂದ ಕಂಬಳಿ ಈಗ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಏರ್ಪಾಡು ಇದ್ದರೂ ಮೋಡವಿಲ್ಲದ ದಿನ ಊಟಿಯ ಬಯಲ ಬಿಸಿಲಿಗೆ ಸಮನಾದ ಟ್ಯೂಬು ಅಂಗಡಿಯಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಬಲ್ಬಿನ ಕೆಳಗೆ ಮೈ ಕಾಯಿಸಿಕೊಂಡ ಆಮೆಯನ್ನು ಹನ್ನೊಂದು ಗಂಟೆಗೆ, ಹಿಮ ಕರಗಿ ಹುಲ್ಲು ಒಣಗಿದ ಮೇಲೆ, ಗಾಳಿ ಬೀಸದ ಗೋಡೆಯ ಮಗ್ಗುಲಿಗೆ ಬಿಡಬೇಕು. ಕೆಳಗೆ ಒಣ ಹಲಗೆ, ಪಕ್ಕದಲ್ಲಿ ನೆರಳಿಗೊಂದು ಪೆಟ್ಟಿಗೆ. ಎರಡು ಗಂಟೆ ದಾಟಿ ಗುಡ್ಡದ ನೆರಳು ಅಂಗಳಕ್ಕೆ ಬರುವ ಹೊತ್ತಿಗೆ ಆಮೆ ಹುಲ್ಲು ಕಚ್ಚುವುದನ್ನು ನಿಲ್ಲಿಸಿ ತಲೆ ಒಳಗೆಳೆದುಕೊಳ್ಳುತ್ತದೆ. ಆಗ ಎತ್ತಿಕೊಂಡು ಒಳಗೆ ತಂದು, ಸ್ವಿಚ್ ಹಾಕಬೇಕು.